‘ಅವನು’ ಹೋಗಿ ‘ನೀನು’ ಬರುವ ತನಕ

ದೇವರ ಸುದ್ದಿಯೇ ಇಲ್ಲದ ಮನೆಯಲ್ಲಿ ಬೆಳೆದವರು ಬೈಬಲ್ ಹಿಡಿದರೆ ಮೊದಲ ಪುಟದಿಂದಲೇ ಶುರು ಮಾಡುತ್ತಾರೆ. ಆದಿಕಾಂಡ ಕಥೆಯ ಓಟದಲ್ಲಿ ಮುಗಿಯುತ್ತದೆ. ವಿಮೋಚನಕಾಂಡದ ಕೊನೆಗೆ ಗುಡಾರದ ಅಳತೆಗಳು, ಯಾಜಕಕಾಂಡದಲ್ಲಿ ಬಲಿಯ ವಿಧಿಗಳು. ಅಲ್ಲಿಗೆ ಪುಸ್ತಕ ಕಪಾಟು ಸೇರುತ್ತದೆ. ನಾನು ಹಿಡಿದದ್ದು ಮಾರ್ಕನ ಸುವಾರ್ತೆ, ಅಂದರೆ ಯೇಸುವಿನ ಬದುಕನ್ನು ಹೇಳುವ ನಾಲ್ಕು ಪುಸ್ತಕಗಳಲ್ಲಿ ಒಂದು. ನಾಲ್ಕರಲ್ಲಿ ಅತಿ ಚಿಕ್ಕದು, 16 ಅಧ್ಯಾಯ, ಗಟ್ಟಿಯಾಗಿ ಓದಿದರೂ ಎರಡು ಗಂಟೆಯೊಳಗೆ ಮುಗಿಯುತ್ತದೆ. ಮೊದಲ ಸಲ ಒಂದೇ ಗುಕ್ಕಿನಲ್ಲಿ. ಎರಡನೇ ಸಲ ದಿನಕ್ಕೊಂದು ಅಧ್ಯಾಯ, ಪೆನ್ಸಿಲ್ ಹಿಡಿದು: ನಂಬಲಾಗದ ಕಡೆ ಪ್ರಶ್ನೆಚಿಹ್ನೆ, ಯೇಸುವಿನ ಮಾತು ನನಗೇ ಹೇಳಿದಂತೆ ತಟ್ಟಿದ ಕಡೆ ಗೆರೆ. ಪವಾಡಗಳ ಪಕ್ಕ ಪ್ರಶ್ನೆಚಿಹ್ನೆ ಸಾಲುಗಟ್ಟಿದರೆ ಗಾಬರಿ ಬೇಡ. ಗೆರೆ ಎಳೆದ ಜಾಗಗಳು ಮುಂದೆ ಪ್ರಾರ್ಥನೆಗೆ ಬೇಕಾಗುತ್ತವೆ.

ವಾದ ಮಾಡುವ ಮನಸ್ಸಿದ್ದರೆ ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೆ ಎತ್ತಿಕೊಳ್ಳಬೇಡಿ, ಪುನರುತ್ಥಾನ, ಅಂದರೆ ಯೇಸು ಸತ್ತು ಮತ್ತೆ ಎದ್ದು ಬಂದದ್ದು, ಅದೊಂದನ್ನೇ ಹಿಡಿಯಿರಿ. ಕ್ರಿಸ್ತನು ಎದ್ದು ಬಂದಿಲ್ಲವಾದರೆ ನಂಬಿಕೆಯೇ ವ್ಯರ್ಥ ಎಂದು ಮೊದಲ ಕಾಲದ ಪ್ರಚಾರಕ ಪೌಲನೇ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಒಪ್ಪಿಕೊಳ್ಳುತ್ತಾನೆ. ಶಿಲುಬೆಯ ಘಟನೆಯಾಗಿ ಸುಮಾರು 25 ವರ್ಷಕ್ಕೆ ಬರೆದ ಪತ್ರವದು. ಎದ್ದು ಬಂದ ಕ್ರಿಸ್ತನನ್ನು ಕಂಡವರ ಪಟ್ಟಿ ಕೊಟ್ಟು, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಇದನ್ನೆಲ್ಲ ತೂಗಿ ‘ಇರಬಹುದು’ ಎನ್ನುವಲ್ಲಿಗೆ ಬರಬಹುದು. ಆದರೂ ಅದು ದೇವರ ಬಗ್ಗೆ ಆಡುವ ಮಾತು. ದೇವರೊಡನೆ ಆಡಬೇಕಾದ ಮಾತು ಇನ್ನೂ ಬಾಕಿ.

ತೊಡಕು ಇಲ್ಲೇ. ಬಾಲ್ಯದಲ್ಲಿ ಕೈಮುಗಿಯದವರಿಗೆ ‘ನೀನು’ ಎಂದು ದೇವರನ್ನು ಕರೆಯುವುದೇ ನಾಟಕವೆನಿಸುತ್ತದೆ. ಇದಕ್ಕೆ ಬೈಬಲಿನ ಪ್ರಾರ್ಥನಾಗೀತೆಗಳ ಪುಸ್ತಕವಾದ ಕೀರ್ತನೆಗಳಲ್ಲಿ 23ನೆಯದು ಒಳ್ಳೆಯ ಅಭ್ಯಾಸ. ಆರೇ ವಚನ. ಮೊದಲ ಮೂರರಲ್ಲಿ ಕುರುಬನಂತೆ ಕಾಯುವ ದೇವರ ಬಗ್ಗೆ ‘ಆತನು’ ಎಂದು ಹೇಳಿಕೊಳ್ಳುವವನು, ನಾಲ್ಕರಲ್ಲಿ ಕತ್ತಲ ಕಣಿವೆಗೆ ಬಂದೊಡನೆ ‘ನೀನು’ ಎಂದು ತಿರುಗುತ್ತಾನೆ. ಗಟ್ಟಿಯಾಗಿ ಓದಿದರೆ ಆ ತಿರುವು ನಾಲಿಗೆಗೆ ಸಿಗುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು: ಒಂದು ಕೀರ್ತನೆ, ಗೆರೆ ಎಳೆದ ಒಂದು ಮಾತು, ಆಮೇಲೆ ನಮ್ಮದೇ ಮೂರು ವಾಕ್ಯ. ಕೃತಜ್ಞತೆಯೊಂದು, ತಪ್ಪೊಪ್ಪಿಗೆಯೊಂದು, ಬೇಡಿಕೆಯೊಂದು. ‘ನೀನು ಇರುವುದಾದರೆ’ ಎಂದು ಶುರು ಮಾಡಿದರೂ ಅಡ್ಡಿಯಿಲ್ಲ. ನಂಬುತ್ತೇನೆ, ನನ್ನ ಅಪನಂಬಿಕೆಗೆ ನೆರವಾಗು ಎಂದು ಬೇಡಿಕೊಂಡ ತಂದೆಯೊಬ್ಬ ಮಾರ್ಕ 9ರಲ್ಲಿದ್ದಾನೆ.

ಕೆಡುವುದು ಸಾಮಾನ್ಯವಾಗಿ ಭಾವನೆಗಾಗಿ ಕಾಯುವುದರಿಂದ. ಎರಡು ವಾರ ಏನೂ ಅನಿಸದಿದ್ದರೆ ಜನ ಬಿಟ್ಟುಬಿಡುತ್ತಾರೆ, ಇಲ್ಲವೇ ಬೇರೆಯವರ ಅಲಂಕಾರದ ಪ್ರಾರ್ಥನೆಯನ್ನು ಎರವಲು ತರುತ್ತಾರೆ. ಎರಡನೆಯದು ಹೆಚ್ಚು ಕೆಟ್ಟದ್ದು, ಅದರಲ್ಲಿ ನಮ್ಮ ದನಿಯೇ ಇರುವುದಿಲ್ಲ. ಅಂಥ ದಿನಗಳಿಗೆ 13ನೇ ಕೀರ್ತನೆ ಇದೆ: ಮೊದಲ ಎರಡು ವಚನದಲ್ಲೇ ನಾಲ್ಕು ಸಲ ‘ಎಷ್ಟರವರೆಗೆ’ ಎಂದು ದೇವರನ್ನು ತರಾಟೆಗೆ ತೆಗೆದುಕೊಳ್ಳುತ್ತದೆ.

ಸಭೆಗೆ, ಅಂದರೆ ಚರ್ಚಿಗೆ, ಹೋಗುವುದನ್ನು ‘ಪೂರ್ತಿ ನಂಬಿಕೆ ಬರಲಿ’ ಎಂದು ಮುಂದೂಡಬೇಡಿ. ಒಂದೇ ಸಭೆಗೆ ಆರು ಭಾನುವಾರ ಬಿಡದೆ ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಹಾಡು ಗೊತ್ತಿಲ್ಲದೆ ತುಟಿಯಾಡಿಸುವ ಮುಜುಗರ ಮೂರನೇ ವಾರಕ್ಕೆ ಕಡಿಮೆಯಾಗುತ್ತದೆ. ಆರಾಧನೆಯಲ್ಲಿ ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸವನ್ನು ಅನೇಕ ಸಭೆಗಳಲ್ಲಿ ದೀಕ್ಷಾಸ್ನಾನವಾದವರಿಗೆ, ಅಂದರೆ ನೀರಿನಿಂದ ಸಭೆಗೆ ಸೇರಿಸಿಕೊಂಡವರಿಗೆ, ಅಷ್ಟೇ ಕೊಡುತ್ತಾರೆ, ಕೇಳಿಕೊಳ್ಳಿ. ಪ್ರಶ್ನೆ ಕೇಳಿದರೆ ಸಿಡುಕುವ, ಆಶೀರ್ವಾದಕ್ಕೆ ಹಣದ ಲೆಕ್ಕ ಹೇಳುವ ಕಡೆಯಿಂದ ಎದ್ದು ಬನ್ನಿ.

ಮನೆಯವರಿಗೆ ದೀಕ್ಷಾಸ್ನಾನಕ್ಕೆ ಮೊದಲೇ ತಿಳಿಸಿ, ಎರಡೇ ಮಾತಿನಲ್ಲಿ. ದೇವರಿಲ್ಲದೆ ಬೆಳೆಸಿದವರಿಗೆ ಇದು ತಮ್ಮ ಬೆಳೆಸುವಿಕೆಯ ಮೇಲಿನ ದೂರಿನಂತೆ ಕೇಳಿಸುತ್ತದೆ. ಅದೇ ದಿನ ಸುವಾರ್ತೆ ಸಾರಲು ಹೋದರೆ ಜಗಳ ಖಂಡಿತ. ಕಥೋಲಿಕ ಸಭೆಯಲ್ಲಿ ವಯಸ್ಕರಿಗೆ ತಿಂಗಳುಗಟ್ಟಲೆ ಬೋಧನೆ ನಡೆದು, ಸಾಮಾನ್ಯವಾಗಿ ಈಸ್ಟರ್‌ನ ಹಿಂದಿನ ರಾತ್ರಿ ಜ್ಞಾನಸ್ನಾನವಾಗುತ್ತದೆ (ದೀಕ್ಷಾಸ್ನಾನಕ್ಕೆ ಅಲ್ಲಿನ ಹೆಸರು). ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಪೂರ್ತಿ ಮುಳುಗಿಸುತ್ತಾರೆ, ಅದಕ್ಕೆ ಮೊದಲು ಎಲ್ಲರೆದುರು ಸಾಕ್ಷಿ, ಅಂದರೆ ನಂಬಿಕೆಗೆ ಬಂದ ಬಗೆಯನ್ನು, ಹೇಳಬೇಕಾಗಬಹುದು. ಅದನ್ನು ಅರ್ಧ ಪುಟಕ್ಕೆ ಬರೆದಿಟ್ಟುಕೊಳ್ಳಿ. ಟವೆಲ್ ಮತ್ತು ಬದಲಿ ಬಟ್ಟೆ ಒಯ್ಯಿರಿ. ಬಿಳಿ ಬಟ್ಟೆ ಒದ್ದೆಯಾದರೆ ಮೈ ಕಾಣಿಸುತ್ತದೆ, ಒಳಗೆ ಗಾಢ ಬಣ್ಣದ್ದು ಇರಲಿ.