ಪಂಪ್ ಬದಲಿಸದೆಯೇ ಹೈಡ್ರಾಲಿಕ್ ಸ್ಟೀರಿಂಗ್ ಸರಿಯಾಯ್ತು: ನನ್ನ ಅನುಭವ

ನನ್ನ ಹಾಯಿದೋಣಿಗೆ 35 ವರ್ಷದ ಮೇಲಾಯ್ತು, ಸ್ಟೀರಿಂಗ್ ಕೂಡ ಅಷ್ಟೇ ಹಳೆಯದು. ವೀಲ್ ತಿರುಗಿಸಿದರೆ ಪಂಪ್ ಎಣ್ಣೆಯನ್ನು ಹೋಸ್ ಮೂಲಕ ಸಿಲಿಂಡರಿಗೆ ತಳ್ಳುತ್ತದೆ, ಸಿಲಿಂಡರ್ ರಡ್ಡರನ್ನು (ಚುಕ್ಕಾಣಿ ಹಲಗೆಯನ್ನು) ತಿರುಗಿಸುತ್ತದೆ. ಗಾಳಿ ಜೋರಾದರೆ ವೀಲ್ ಬಿಗಿಯಾಗಿ ಹಿಡಿದಿದ್ದರೂ ರಡ್ಡರ್ ಮೆಲ್ಲಗೆ ಜಾರುತ್ತಿತ್ತು. ಪೂರ್ತಿ ಒಂದು ಕಡೆಗೆ ತಿರುಗಿಸಿ ಒತ್ತಿದರೂ ವೀಲ್ ನಿಲ್ಲುತ್ತಿರಲಿಲ್ಲ, ಸುಮ್ನೆ ತಿರುಗುತ್ತಲೇ ಇರುತ್ತಿತ್ತು. ನೋಡಿದವರದ್ದೆಲ್ಲ ಒಂದೇ ಮಾತು: ಪಂಪ್ ಹೋಗಿದೆ, ಹೊಸದು ಹಾಕು. ಆ ಪಂಪಿನ ದುಡ್ಡಿಗೆ ಒಂದು ಹೊಸ ಹಾಯಿಯೇ ಬರುತ್ತಿತ್ತು!

ಮೊದಲು ಸಿಲಿಂಡರ್ ಬಿಚ್ಚಿ ಸೀಲ್ ಕಿಟ್ ಹಾಕಿದೆ. ಎರಡು ದಿನ ಹೋಯ್ತು, ಕಿಟ್‌ಗೆ ಕೊಟ್ಟ ದುಡ್ಡೂ ಹೋಯ್ತು. ಹಳೆ ಸೀಲ್ ಇನ್ನೂ ಚೆನ್ನಾಗೇ ಇತ್ತು. ಆಮೇಲೆ ಐಎಸ್ಒ 15 (ಎಣ್ಣೆ ಎಷ್ಟು ಮಂದ ಅನ್ನುವ ನಂಬರ್) ಬದಲು 32 ನಂಬರಿನ ಮಂದ ಎಣ್ಣೆ ಹಾಕಿ ನೋಡಿದೆ. ಜಾರುವುದು ಸ್ವಲ್ಪ ಕಡಿಮೆಯಾಯ್ತು, ಆದರೆ ಚಳಿಯ ಬೆಳಿಗ್ಗೆ ವೀಲ್ ತಿರುಗಿಸಲು ಎರಡೂ ಕೈ ಬೇಕಾಯ್ತು. ಅದನ್ನೂ ಹೊರಗೆ ತೆಗೆದುಬಿಟ್ಟೆ.

ದಾರಿ ತೋರಿಸಿದ್ದು ಸುತ್ತಿನ ಲೆಕ್ಕ. ನನ್ನ ಪಂಪ್ ಒಂದು ಸುತ್ತಿಗೆ ಸುಮಾರು 28 ಸಿಸಿ ತಳ್ಳುತ್ತದೆ, ಸಿಲಿಂಡರಿಗೆ 150ರ ಹತ್ತಿರ ಬೇಕು. ಅಂದರೆ ಈ ತುದಿಯಿಂದ ಆ ತುದಿಗೆ ಐದೂವರೆ ಸುತ್ತು. ಎಣಿಸಿದರೆ ಏಳೂ ದಾಟಿತು. ಎಣ್ಣೆ ಹೊರಗೆ ಒಂದು ಹನಿಯೂ ಬೀಳುತ್ತಿಲ್ಲ, ಹಾಗಾದರೆ ಒಳಗೇ ಎಲ್ಲೋ ಆ ಕಡೆಯಿಂದ ಈ ಕಡೆಗೆ ದಾಟುತ್ತಿದೆ, ಅಲ್ವಾ?

ಪಂಪಿನಿಂದ ಎಣ್ಣೆ ಹೊರಡುವ ಎರಡೂ ಪೋರ್ಟಿಗೆ ಕ್ಯಾಪ್ ಹಾಕಿ ವೀಲ್ ತಿರುಗಿಸಿದೆ. ಒತ್ತಡ ತಡೆಯುವ ಲೋಹದ ಕ್ಯಾಪೇ ಬೇಕು, ಕಂಡದ್ದನ್ನು ತುರುಕಬೇಡಿ. ವೀಲ್ ಎರಡೂ ಕಡೆಗೆ ಕಲ್ಲಿನ ಹಾಗೆ ನಿಂತಿತು. ಪಂಪಿನಲ್ಲಿ ತಪ್ಪೇ ಇರಲಿಲ್ಲ! ಮುಂದೆ ಅದೇ ಕ್ಯಾಪ್‌ಗಳನ್ನು ಸಿಲಿಂಡರ್ ಹತ್ತಿರದ ಹೋಸ್‌ಗಳಿಗೆ ಹಾಕಿದೆ, ವೀಲ್ ಮತ್ತೆ ತಿರುಗಿತು. ಅಂದರೆ ಎಣ್ಣೆ ದಾಟುತ್ತಿದ್ದದ್ದು ಪಂಪ್ ಮತ್ತು ಸಿಲಿಂಡರ್ ನಡುವೆ, ಅಲ್ಲಿ ಉಳಿದದ್ದು ಆಟೋಪೈಲಟ್ ಪಂಪ್ ಮತ್ತು ಬೈಪಾಸ್ ವಾಲ್ವ್. ಆಟೋಪೈಲಟ್ ಲೈನ್ ಮುಚ್ಚಿದರೂ ಫರಕಾಗಲಿಲ್ಲ.

ಉಳಿದದ್ದು ಬೈಪಾಸ್. ಎಮರ್ಜೆನ್ಸಿ ಟಿಲ್ಲರ್ (ವೀಲ್ ಕೈಕೊಟ್ಟಾಗ ರಡ್ಡರ್ ತಿರುಗಿಸುವ ಕೋಲು) ಬಳಸುವಾಗ ಎಣ್ಣೆ ಆ ಕಡೆಯಿಂದ ಈ ಕಡೆಗೆ ಸಲೀಸಾಗಿ ದಾಟಲಿ ಅಂತ ತೆರೆಯುತ್ತೇವಲ್ಲ, ಆ ಪುಟ್ಟ ವಾಲ್ವ್. ಅದು ಮುಚ್ಚಿದೆ ಅಂತಲೇ ಎಲ್ಲರೂ ನಂಬಿದ್ದೆವು. ಬಿಚ್ಚಿದರೆ, ವಾಲ್ವ್ ಮುಚ್ಚಿದಾಗ ಒತ್ತಿ ಕೂರುವ ಸೀಟಿನ ಮೇಲೆ ಅಕ್ಕಿಕಾಳಿಗಿಂತ ಸಣ್ಣ, ಬಿಳೀ ಥ್ರೆಡ್ ಟೇಪಿನ ಚೂರು ಅಂಟಿತ್ತು. ಅದರ ಪಕ್ಕದಲ್ಲಿ ಲೋಹ ಕೂದಲೆಳೆಯಷ್ಟು ಸವೆದಿತ್ತು. ಸೀಟನ್ನು ನಾನೇ ನಯ ಮಾಡಿದೆ. ಯಾವುದರಿಂದ, ಹೇಗೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಅದಕ್ಕೆ ಮೂರು ಸಂಜೆ ಸುರಿದಿದ್ದೇನೆ. ಒಂದು ಓ-ರಿಂಗ್ ಹೊಸದು. ಬ್ರೇಕ್ ಎಣ್ಣೆ ಮಾತ್ರ ಈ ಸಿಸ್ಟಮ್ ಹತ್ತಿರವೂ ತರಬೇಡಿ, ನೈಟ್ರೈಲ್ ರಬ್ಬರಿನ ಸೀಲ್ ಉಬ್ಬಿ ಹಾಳಾಗುತ್ತದೆ.

ಇಷ್ಟಾದ ಮೇಲೂ ವೀಲ್ ಸ್ಪಂಜಿನ ಹಾಗೆ ಮೆತ್ತಗಿತ್ತು. ಮೂರು ಸಲ ಬ್ಲೀಡ್ ಮಾಡಿದೆ, ಅಂದರೆ ಎಣ್ಣೆಯೊಳಗಿನ ಗಾಳಿ ಹೊರಗೆ ಬಿಟ್ಟೆ, ಆದರೂ ಗಾಳಿ ಬರುತ್ತಲೇ ಇತ್ತು. ಕೊನೆಗೆ ಟಾರ್ಚ್ ಹಿಡಿದು ಹೋಸ್ ಗುಂಟ ತೆವಳಿಕೊಂಡು ಹೋದರೆ ಗೋಡೆಯ ಹಿಂದೆ ಅದು ಒಂಟೆಯ ಡುಬ್ಬದ ಹಾಗೆ ಮೇಲೆದ್ದು ಕೆಳಗಿಳಿದಿತ್ತು. ಗಾಳಿ ಅಲ್ಲೇ ಕೂತಿತ್ತು. ಕ್ಲ್ಯಾಂಪ್ ಸಡಿಲಿಸಿ, ಸಿಲಿಂಡರಿನಿಂದ ವೀಲ್‌ವರೆಗೆ ಹೋಸ್ ಏರುತ್ತಲೇ ಹೋಗುವ ಹಾಗೆ ಮಾಡಿದೆ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನಿಧಾನಕ್ಕೆ ಬ್ಲೀಡ್ ಮಾಡಿದೆ. ಮೊದಲು ತುದಿಗೆ ಒತ್ತಿದಾಗ ಟ್ಯಾಂಕಿನ ಎಣ್ಣೆ ಒಂದು ಬೆರಳಷ್ಟು ಇಳಿಯುತ್ತಿತ್ತು, ಈಗ ಅಲುಗುವುದೇ ಇಲ್ಲ. ನೊರೆ ಬಂದ ಎಣ್ಣೆಯನ್ನೂ ಎರಡು ಬಾಟಲಿಯಲ್ಲಿಟ್ಟು ನೋಡಿದೆ: ಬಿಸಿಲಲ್ಲಿಟ್ಟದ್ದು ಮೂರು ಗಂಟೆಗೇ ತಿಳಿಯಾಯ್ತು, ನೆರಳಿನದ್ದಕ್ಕೆ ರಾತ್ರಿ ಪೂರ್ತಿ ಬೇಕಾಯ್ತು.

ಕೊನೇ ಪರೀಕ್ಷೆಗೆ ಸಿಲಿಂಡರ್ ರಾಡಿಗೆ ಟೇಪ್ ಗುರುತು ಹಾಕಿ, ಎಮರ್ಜೆನ್ಸಿ ಟಿಲ್ಲರನ್ನು ಐದು ನಿಮಿಷ ಕಾಲಿನಿಂದ ಒತ್ತಿ ಹಿಡಿದೆ. ಮೊದಲು ಎರಡು ಇಂಚು ಸರಿಯುತ್ತಿದ್ದ ಗುರುತು ಈ ಸಲ ಇದ್ದಲ್ಲೇ ಇತ್ತು. ಸುತ್ತು ಎಣಿಸಿದೆ, ಐದೂವರೆ. ಪಂಪಿಗೆ ಕೇಳಿದ ದುಡ್ಡಿನಲ್ಲಿ ನೂರಕ್ಕೆ ಎಂಟು ಪಾಲೂ ಖರ್ಚಾಗಲಿಲ್ಲ, ದಂಡವಾದ ಸೀಲ್ ಕಿಟ್ ಸೇರಿಸಿ. ಇಡೀ ಸೀಸನ್ ಓಡಿಸಿದ್ದೇನೆ, ಹಳೇ ಪಂಪ್ ಇನ್ನೂ ಅಲ್ಲೇ ಇದೆ.