ಒತ್ತಕ್ಷರ ಉದುರದ ಹಾಗೆ: ಬಿಳಿ ಟೋನರ್ ಪ್ರಿಂಟಿಂಗ್‌ಗೆ ನಾನು ಸಾಫ್ಟ್‌ವೇರ್ ಆರಿಸಿದ ಬಗೆ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ಮಗ್ಗು, ಟೀ-ಶರ್ಟು, ಎಲ್ಲವನ್ನೂ ಮಾಡುತ್ತೇವೆ. ಅಕ್ಟೋಬರ್ ಬಂತೆಂದರೆ ಒಂದೇ ಬೇಡಿಕೆ: ಕಪ್ಪು ಕಾಟನ್ ಟೀ-ಶರ್ಟ್ ಮೇಲೆ ಅರಿಶಿನ, ಕೆಂಪು ಬಣ್ಣದಲ್ಲಿ ರಾಜ್ಯೋತ್ಸವದ ಪ್ರಿಂಟ್. ಒಂದು ಬೀದಿಯ ಹುಡುಗರಿಗೆ 20, ಇನ್ನೊಂದು ಬೀದಿಗೆ 35. ಸಬ್ಲಿಮೇಶನ್‌ನಲ್ಲಿ (ಬಿಸಿಗೆ ಆವಿಯಾಗಿ ಬಟ್ಟೆಗೆ ಇಳಿಯುವ ಬಣ್ಣದ ಪ್ರಿಂಟ್) ಇದು ಆಗಲ್ಲ, ಅದಕ್ಕೆ ತಿಳಿ ಬಣ್ಣದ ಪಾಲಿಯೆಸ್ಟರ್ ಬಟ್ಟೆಯೇ ಬೇಕು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಆಗುತ್ತೆ, ಆದರೆ ಬಣ್ಣಕ್ಕೊಂದು ಸ್ಕ್ರೀನ್ ಕಟ್ಟಿ 20 ಪೀಸ್‌ಗೆ ಹಾಕಿದರೆ ಗಿಟ್ಟಲ್ಲ. ಹಾಗಾಗಿ ಬಿಳಿ ಟೋನರ್ (ಲೇಸರ್ ಪ್ರಿಂಟರ್‌ನ ಪುಡಿ ಬಣ್ಣ) ಇರುವ ಎ3 ಪ್ರಿಂಟರ್ ತಗೊಂಡೆ.

ಈ ಮೆಷಿನ್‌ಗಳ ಕೆಲಸ ಹೀಗಿರುತ್ತದೆ. ನನ್ನ ಮೆಷಿನ್‌ನಲ್ಲಿ ಕಪ್ಪು ಟೋನರ್ ಇಲ್ಲ. ಆ ಜಾಗದಲ್ಲಿ ಬಿಳಿ ಇದೆ. ಸಯಾನ್, ಮೆಜೆಂಟಾ, ಹಳದಿ ಮೂರೂ ಸೇರಿ ಕಪ್ಪು ಆಗುತ್ತೆ. ಟ್ರಾನ್ಸ್‌ಫರ್ ಫಿಲ್ಮ್ ಮೇಲೆ ಚಿತ್ರ ತಿರುಗುಮುರುಗಾಗಿ ಬರುತ್ತೆ: ಮೊದಲು ಬಣ್ಣ, ಅದರ ಮೇಲೆ ಬಿಳಿ. ಆಮೇಲೆ ಆ ಫಿಲ್ಮನ್ನು ಅಂಟಿನ ಪೇಪರ್ ಜೊತೆ ಹೀಟ್ ಪ್ರೆಸ್‌ನಲ್ಲಿ ಒತ್ತಿ ಎಳೆದರೆ, ಟೋನರ್ ಇರುವ ಕಡೆ ಮಾತ್ರ ಅಂಟು ಹಿಡಿದುಕೊಳ್ಳುತ್ತೆ. ಅದನ್ನು ಬಟ್ಟೆಗೆ ಒತ್ತಿದಾಗ ಬಿಳಿ ಕೆಳಗೆ, ಬಣ್ಣ ಮೇಲೆ. ಬಿಳಿ ಅನ್ನುವುದು ಇಲ್ಲಿ ಬಣ್ಣವಲ್ಲ, ಗೋಡೆಗೆ ಪೇಂಟ್ ಹೊಡೆಯುವ ಮೊದಲು ಹಾಕುವ ಪ್ರೈಮರ್ ಇದ್ದ ಹಾಗೆ. ಆ ಬಿಳಿಯನ್ನು ಎಲ್ಲಿ, ಎಷ್ಟು ಹಾಕಬೇಕು ಅಂತ ತೀರ್ಮಾನ ಮಾಡುವುದೇ ಸಾಫ್ಟ್‌ವೇರ್. ಇದು ನನಗೆ ಅರ್ಥವಾಗಿದ್ದು ಒಂದು ದೊಡ್ಡ ಆರ್ಡರ್ ಹಾಳಾದ ಮೇಲೆ.

ಮೊದಲ ವರ್ಷ ಪ್ರಿಂಟರ್ ಜೊತೆ ಬಂದ ಡ್ರೈವರ್‌ನಿಂದಲೇ ಹೊಡೆದೆ. ಖರ್ಚಿಲ್ಲ, ಕೋರೆಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಿಂದ ನೇರ ಪ್ರಿಂಟ್ ಕೊಟ್ಟರೆ ಆಯ್ತು. 60 ಕಪ್ಪು ಟೀ-ಶರ್ಟು, ಎದೆ ಮೇಲೆ "ಕರ್ನಾಟಕ ರಾಜ್ಯೋತ್ಸವ", ಕೆಳಗೆ ಸಣ್ಣ ಅಕ್ಷರದಲ್ಲಿ ಮತ್ತೆ ಅದೇ ಪದಗಳು, ಜೊತೆಗೆ ಆರ್ಡರ್ ಕೊಟ್ಟ ಬಳಗದ ಹೆಸರು. ಕೊಡುವಾಗ ಚೆನ್ನಾಗೇ ಇತ್ತು. ಸ್ವಲ್ಪ ಹತ್ತಿರ ಹಿಡಿದು ನೋಡಿದರೆ ಕೆಂಪು ಅಕ್ಷರದ ಸುತ್ತ ಕೂದಲೆಳೆಯಷ್ಟು ಬಿಳಿ ಅಂಚು ಕಾಣಿಸುತ್ತಿತ್ತು, ಅಷ್ಟೇ. ವಾರ ಕಳೆದ ಮೇಲೆ ಬಳಗದ ಹುಡುಗ ಒಂದು ಶರ್ಟ್ ತಂದು ಟೇಬಲ್ ಮೇಲೆ ಹರಡಿದ. "ಅಣ್ಣಾ, ಎರಡು ಸಲ ಒಗೆದಿದ್ದು ಅಷ್ಟೇ. ಒತ್ತಕ್ಷರ ಎಲ್ಲ ಉದುರಿದಾವೆ ನೋಡ್ರಿ" ಅಂದ.

ನಿಜ. ದೊಡ್ಡ ಅಕ್ಷರಗಳು ಹಾಗೇ ಇದ್ದವು. ಸಣ್ಣ ಸಾಲಿನಲ್ಲಿ ಅರ್ಕಾವತ್ತಿನ ಬಾಲ ಹೋಗಿತ್ತು, "ಜ್ಯೋ"ದ ಯ ಒತ್ತು ಅರ್ಧ ಎದ್ದಿತ್ತು, "ತ್ಸ"ದ ಕೆಳಗಿನ ಸ ಒತ್ತು ಬರೀ ಒಂದು ಚುಕ್ಕಿಯಾಗಿ ಉಳಿದಿತ್ತು. ಕನ್ನಡದ ಹೆಸರಲ್ಲಿ ಹಾಕಿಕೊಳ್ಳುವ ಅಂಗಿಯಲ್ಲಿ ಕನ್ನಡದ ಅಕ್ಷರವೇ ಉದುರಿದರೆ ಹೇಗೆ ಅನ್ನಿಸಬೇಡ? ಅಷ್ಟೂ ಶರ್ಟು ಮತ್ತೆ ಮಾಡಿಕೊಟ್ಟೆ. ಅವತ್ತು ರಾತ್ರಿಯೇ ರಿಪ್ ಸಾಫ್ಟ್‌ವೇರ್ ಹುಡುಕಲು ಕೂತೆ.

ರಿಪ್ ಅಂದರೆ ರಾಸ್ಟರ್ ಇಮೇಜ್ ಪ್ರೊಸೆಸರ್. ಡಿಸೈನನ್ನು ಪ್ರಿಂಟರ್ ಹಾಕುವ ಚುಕ್ಕಿಗಳಾಗಿ ಒಡೆಯುವ ಕೆಲಸ ಅದರದು. ಬಿಳಿ ಟೋನರ್ ಲೋಕದಲ್ಲಿ ಕೇಳಿಬರುವ ಹೆಸರುಗಳು ಕೆಲವೇ: ಜರ್ಮನಿಯ ಫಾರೆವರ್ ಕಂಪನಿಯ ಟ್ರಾನ್ಸ್‌ಫರ್‌ರಿಪ್, ಕೆನಡಾದ ಕ್ಯಾಡ್‌ಲಿಂಕ್‌ನ ಡಿಜಿಟಲ್ ಫ್ಯಾಕ್ಟರಿ, ಯೂನಿನೆಟ್‌ನವರ ಐಕಲರ್ ಪ್ರಿಂಟರ್‌ಗಳಿಗೆ ಬರುವ ಪ್ರೊರಿಪ್. ನಾನು ಯಾವುದನ್ನು ತಗೊಂಡೆ ಅಂತ ಇಲ್ಲಿ ಹೇಳುವುದಿಲ್ಲ. ಪ್ರತಿ ರಿಪ್‌ಗೂ ತನ್ನದೇ ಪ್ರಿಂಟರ್ ಪಟ್ಟಿ ಇರುತ್ತೆ. ನನ್ನ ಮೆಷಿನ್‌ಗೆ ಹೊಂದಿದ್ದು ನಿಮ್ಮದಕ್ಕೆ ಹೊಂದದೇ ಇರಬಹುದು. ಮೊದಲು ಆ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ನಂಬರ್ ಇದೆಯಾ ನೋಡಿ. "ಹತ್ತಿರದ ಮಾಡೆಲ್ ಇದೆ, ನಡೆಯುತ್ತೆ" ಅನ್ನುವ ಮಾತಿಗೆ ದುಡ್ಡು ಕೊಡಬೇಡಿ.

ಡೆಮೊ ಕೊಟ್ಟವರೆಲ್ಲ ಒಂದೇ ಥರದ ಚಿತ್ರ ತೋರಿಸಿದರು. ಸಿಂಹ, ತೋಳ, ಬೆಂಕಿ, ಹೊಗೆ. ಕಪ್ಪು ಬಟ್ಟೆ ಮೇಲೆ ಅವು ಕಣ್ಣಿಗೆ ಹಬ್ಬ. ಆದರೆ ನನ್ನ ಅಂಗಡಿಗೆ ಸಿಂಹ ವರ್ಷಕ್ಕೆ ಎರಡು ಸಲ ಬರುತ್ತೆ, ಕನ್ನಡ ಅಕ್ಷರ ದಿನಾ ಬರುತ್ತೆ. ಅದಕ್ಕೇ "ಸರ್, ನಾನೊಂದು ಫೈಲ್ ಕಳಿಸ್ತೀನಿ, ಅದನ್ನ ಓಪನ್ ಮಾಡಿ ತೋರಿಸಿ" ಅಂತ ಕೇಳಿದೆ. ಒಬ್ಬರು ಆ ಫೋನ್ ನಂತರ ತಿರುಗಿ ಮಾತಾಡಲಿಲ್ಲ. ಉಳಿದವರು ಟ್ರಯಲ್ ಕೊಟ್ಟರು.

ಆ ಫೈಲ್ ಈಗಲೂ ನನ್ನ ಡೆಸ್ಕ್‌ಟಾಪ್ ಮೇಲಿದೆ. ಒಂದು ಎ4 ಹಾಳೆ. "ಕರ್ನಾಟಕ ರಾಜ್ಯೋತ್ಸವ" ಅನ್ನುವ ಎರಡೇ ಪದ, 24, 18, 14, 10 ಪಾಯಿಂಟ್‌ನಲ್ಲಿ. ಅರ್ಕಾವತ್ತು, ಯ ಒತ್ತು, ಸ ಒತ್ತು ಮೂರೂ ಇದರಲ್ಲೇ ಸಿಗುತ್ತವೆ. ಪಕ್ಕದಲ್ಲಿ ಅರಿಶಿನ-ಕೆಂಪು ಬಾವುಟದ ಪಟ್ಟಿ. ಕಪ್ಪು ಔಟ್‌ಲೈನ್ ಇರುವ ಒಂದು ಬೊಂಬೆ. ಕೆಳಗೆ ನಿಧಾನವಾಗಿ ಮಾಸುತ್ತಾ ಹೋಗುವ ಒಂದು ನೆರಳು. ಇಷ್ಟೇ. ಇದನ್ನು ಡ್ರೈವರ್‌ನಲ್ಲಿ, ಮೂರು ರಿಪ್‌ಗಳಲ್ಲಿ ಹೊಡೆದು, ಒಂದೇ ಥಾನಿನ ಕಪ್ಪು ಬಟ್ಟೆಗೆ ಒತ್ತಿ, ಒಂದು ದಿನ ಬಿಟ್ಟು, ಒಳಮಗ್ಗುಲು ಮಾಡಿ ಮನೆಯ ವಾಷಿಂಗ್ ಮೆಷಿನ್‌ನಲ್ಲಿ ಐದು ಸಲ ಒಗೆದೆ.

ಮೊದಲ ಪಾಠ ಚೋಕ್. ಬಿಳಿಯನ್ನು ಬಣ್ಣದ ಅಂಚಿನಿಂದ ಸ್ವಲ್ಪ ಒಳಗೆ ಎಳೆದುಕೊಳ್ಳುವುದಕ್ಕೆ ಚೋಕ್ ಅನ್ನುತ್ತಾರೆ. ಅದಿಲ್ಲದಿದ್ದರೆ ಬಿಳಿ ಅಂಚು ಇಣುಕುತ್ತೆ, ನನ್ನ ಡ್ರೈವರ್ ಪ್ರಿಂಟ್‌ನಲ್ಲಿ ಆಗಿದ್ದು ಅದೇ. ರಿಪ್‌ಗಳಲ್ಲಿ ಇದನ್ನು ಪಿಕ್ಸೆಲ್ ಲೆಕ್ಕದಲ್ಲಿ ಕೊಡುತ್ತಾರೆ. ಸರಿ, ಜಾಸ್ತಿ ಕೊಟ್ಟರೆ ಇನ್ನೂ ನೀಟು ಅಂದುಕೊಂಡು 3 ಕೊಟ್ಟೆ. ಬಿಳಿ ಅಂಚು ಪೂರ್ತಿ ಹೋಯ್ತು. ಜೊತೆಗೆ ಸಣ್ಣ ಸಾಲಿನ ಒತ್ತಕ್ಷರಗಳ ಹೊಳಪೂ ಹೋಯ್ತು!

ಲೆಕ್ಕ ಹಾಕಿದ ಮೇಲೆ ಗೊತ್ತಾಯ್ತು. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಒಂದು ಪಿಕ್ಸೆಲ್ ಅಂದರೆ ಸುಮಾರು 0.042 ಮಿ.ಮೀ. ಅರ್ಕಾವತ್ತಿನ ತೆಳು ಬಾಲ 0.25 ಮಿ.ಮೀ. ಇದ್ದರೆ ಅದು 6 ಪಿಕ್ಸೆಲ್. ಎರಡೂ ಕಡೆಯಿಂದ 3-3 ಕತ್ತರಿಸಿದರೆ ಕೆಳಗೆ ಬಿಳಿಯೇ ಇಲ್ಲ. ಕಪ್ಪು ಬಟ್ಟೆ ಮೇಲೆ ಬರೀ ಕೆಂಪು ಟೋನರ್ ಕೂತರೆ ಅದು ಕಾಣುವುದೂ ಇಲ್ಲ, ನಿಲ್ಲುವುದೂ ಇಲ್ಲ. ಇಂಗ್ಲಿಷ್ ದಪ್ಪ ಅಕ್ಷರದಲ್ಲಿ ಈ ತೊಂದರೆ ಅಷ್ಟಾಗಿ ಬರಲ್ಲ. ನಮ್ಮ ಅಕ್ಷರದ ಮೈ ದಪ್ಪ, ತುದಿ ತೆಳು, ಒತ್ತು ಇನ್ನೂ ಚಿಕ್ಕದು.

ಹಾಗಾದರೆ ಡ್ರೈವರ್‌ನಲ್ಲಿ ಚೋಕ್ ಇಲ್ಲದೆಯೂ ಉದುರಿದ್ದು ಯಾಕೆ? ಅದಕ್ಕೆ ಕಾರಣ ಬೇರೆ. ಅಕ್ಷರದ ಅಂಚು ನುಣುಪಾಗಿ ಕಾಣಲಿ ಅಂತ ಡಿಸೈನ್ ಸಾಫ್ಟ್‌ವೇರ್ ಅಲ್ಲಿ ಅರೆಪಾರದರ್ಶಕ ಪಿಕ್ಸೆಲ್ ಹಾಕಿರುತ್ತೆ. ನನ್ನ ಡ್ರೈವರ್ ಅವನ್ನು ಸಣ್ಣ ಸಣ್ಣ ಬಿಡಿ ಚುಕ್ಕಿಗಳಾಗಿ ಒಡೆಯುತ್ತಿತ್ತು. ತೆಳುವಾದ ಗೆರೆಯಲ್ಲಿ ಅಂಚೇ ಜಾಸ್ತಿ, ಮೈ ಕಡಿಮೆ. ಬಿಡಿ ಚುಕ್ಕಿಗೆ ಅಂಟು ಸರಿಯಾಗಿ ಹತ್ತಲ್ಲ, ಒಗೆದಾಗ ಮೊದಲು ಹೋಗುವುದೇ ಅದು. ಒಳ್ಳೆ ರಿಪ್‌ನಲ್ಲಿ ಇಂಥ ಪಿಕ್ಸೆಲ್‌ಗೆ ಒಂದು ಗಡಿ ಹಾಕಬಹುದು: ಇದಕ್ಕಿಂತ ಗಾಢ ಇದ್ದರೆ ಪೂರ್ತಿ ಹಾಕು, ಇಲ್ಲದಿದ್ದರೆ ಬಿಟ್ಟುಬಿಡು. ನನ್ನ ಪಟ್ಟಿಯಲ್ಲಿ ಇದು ಎಲ್ಲಕ್ಕಿಂತ ಮೇಲಿನ ಸಾಲು. ಮೂರರಲ್ಲಿ ಒಂದು ರಿಪ್‌ನಲ್ಲಿ ಈ ಸೌಲಭ್ಯ ಇರಲಿಲ್ಲ, ಅದನ್ನು ಅಲ್ಲಿಗೇ ಬಿಟ್ಟೆ.

ಈಗ ನಾನು ಮಾಡುವುದು ಹೀಗೆ. 14 ಪಾಯಿಂಟ್‌ಗಿಂತ ಚಿಕ್ಕ ಕನ್ನಡ ಸಾಲು ಇದ್ದರೆ ಕೋರೆಲ್‌ನಲ್ಲೇ ಅಕ್ಷರಕ್ಕೆ ಅದೇ ಬಣ್ಣದಲ್ಲಿ 0.1 ಮಿ.ಮೀ. ಹೊರ ಕಾಂಟೂರ್ ಕೊಡುತ್ತೇನೆ. 0.25 ಇದ್ದ ಗೆರೆ 0.45 ಆಗುತ್ತೆ. ಚೋಕ್ 2 ಇಟ್ಟರೂ ಕೆಳಗೆ 6 ಪಿಕ್ಸೆಲ್ ಬಿಳಿ ಉಳಿಯುತ್ತೆ. ಇದಕ್ಕಿಂತ ದಪ್ಪ ಮಾಡಬೇಡಿ, "ಜ್ಯೋ"ದ ಹೊಟ್ಟೆಯೊಳಗಿನ ಖಾಲಿ ಜಾಗ ಅಂಟಿನಿಂದ ತುಂಬಿಕೊಂಡು ಬಿಡುತ್ತೆ. ಚೋಕ್ ಅನ್ನು ಪ್ರತಿ ಕೆಲಸಕ್ಕೂ ಬೇರೆ ಬೇರೆ ಇಟ್ಟು ಹೆಸರು ಕೊಟ್ಟು ಉಳಿಸಿಕೊಳ್ಳಲು ರಿಪ್ ಬಿಡಬೇಕು. ನನ್ನಲ್ಲಿ "ಸಣ್ಣ ಅಕ್ಷರ", "ದೊಡ್ಡ ಅಕ್ಷರ", "ಫೋಟೊ" ಅಂತ ಮೂರು ಇವೆ. ಅಂಗಡಿ ಹುಡುಗನಿಗೂ ಗೊಂದಲ ಇಲ್ಲ.

ಎರಡನೆಯದು ಕಪ್ಪನ್ನು ತೆಗೆಯುವುದು. ಕಪ್ಪು ಶರ್ಟ್ ಮೇಲೆ ಕಪ್ಪು ಯಾಕೆ ಹೊಡೆಯಬೇಕು, ಬಟ್ಟೆಯೇ ಕಪ್ಪಲ್ವಾ? ರಿಪ್ ಡಿಸೈನಿನ ಕಪ್ಪನ್ನು ಖಾಲಿ ಬಿಡುತ್ತೆ. ಟೋನರ್ ಉಳಿಯುತ್ತೆ, ಅಂಗಿ ಪ್ಲಾಸ್ಟಿಕ್ ಅಂಟಿಸಿದ ಹಾಗೆ ಬೆಚ್ಚಗಾಗಲ್ಲ. ಮಾಸುವ ನೆರಳಿಗೆ ಹಾಫ್‌ಟೋನ್ ಬೇಕು, ಅಂದರೆ ನೆರಳನ್ನು ದೊಡ್ಡ-ಚಿಕ್ಕ ಚುಕ್ಕಿಗಳಾಗಿ ಒಡೆಯಬೇಕು. ಇಲ್ಲಿ ಚುಕ್ಕಿ ದೊಡ್ಡದಿರಲಿ. 60 ಎಲ್‌ಪಿಐನಲ್ಲಿ (ಇಂಚಿಗೆ 60 ಸಾಲು ಚುಕ್ಕಿ) 10% ಚುಕ್ಕಿ 0.15 ಮಿ.ಮೀ. ಮಾತ್ರ, ಅದು ಐದನೇ ಒಗೆತಕ್ಕೆ ಮಾಯ. 30ರಲ್ಲಿ 0.3 ಆಗುತ್ತೆ, ನಿಂತಿತು. ಹತ್ತಿರದಿಂದ ಚುಕ್ಕಿ ಕಾಣುತ್ತೆ, ಎರಡು ಮಾರು ದೂರದಿಂದ ಕಾಣಲ್ಲ.

ಬಾವುಟದ ಅರಿಶಿನ ನನಗೆ ಜಾಸ್ತಿ ಕಾಟ ಕೊಟ್ಟಿದ್ದು. ಬಿಳಿ ಸ್ವಲ್ಪ ಕಡಿಮೆಯಾದರೂ ಕಪ್ಪು ಬಟ್ಟೆ ಮೇಲೆ ಹಳದಿ ಹಸಿರಿಗೆ ತಿರುಗುತ್ತೆ. ಟೋನರ್ ಉಳಿಸೋಣ ಅಂತ ಬಿಳಿಯನ್ನು 70%ಗೆ ಇಳಿಸಿದ್ದೆ, ಕೆಂಪು ಪಟ್ಟಿ ತಡೆದುಕೊಂಡಿತು, ಹಳದಿ ಕೆಟ್ಟಿತು. ಹಳದಿ ಕೆಳಗೆ ಬಿಳಿ ಪೂರ್ತಿ ಇರಲೇಬೇಕು. ಜೊತೆಗೆ ಶುದ್ಧ ಹಳದಿ ಟೋನರ್ ನಿಂಬೆಹಣ್ಣಿನ ಬಣ್ಣ, ಅರಿಶಿನ ಅಲ್ಲ. ಅದಕ್ಕೆ 10-15% ಮೆಜೆಂಟಾ ಸೇರಿಸಿದಾಗಲೇ ಆ ಬೆಚ್ಚನೆಯ ಬಣ್ಣ ಬರುವುದು. ಒಂದು ಬಣ್ಣವನ್ನು ಮಾತ್ರ ಹಿಡಿದು ಬದಲಿಸುವ ಸೌಲಭ್ಯ ರಿಪ್‌ನಲ್ಲಿದ್ದರೆ ಗಿರಾಕಿಯ ಫೈಲ್ ಮುಟ್ಟದೆ ಇದನ್ನು ಮಾಡಬಹುದು.

ಇನ್ನು ಟೈಪಿಂಗ್. ರಿಪ್‌ನೊಳಗೆ ಅಕ್ಷರ ಬರೆಯುವ ಸೌಲಭ್ಯ ಇದ್ದರೂ ಅಲ್ಲಿ ಕನ್ನಡ ಬರೆಯಬೇಡಿ. ನಾನು ನೋಡಿದ ಒಂದರಲ್ಲಿ "ಕನ್ನಡ" ಅಂತ ಹೊಡೆದರೆ "ಕನ್‌ನಡ" ಅಂತ ಬಂತು. ಹಳೇ ಫೋಟೊಶಾಪ್ ಆವೃತ್ತಿಗಳಲ್ಲೂ ವರ್ಲ್ಡ್-ರೆಡಿ ಲೇಔಟ್ (ನಮ್ಮ ಲಿಪಿಗಳನ್ನು ಸರಿಯಾಗಿ ಜೋಡಿಸುವ ಆಯ್ಕೆ) ಆನ್ ಮಾಡದಿದ್ದರೆ ಇದೇ ಗತಿ. ಇಂಕ್‌ಸ್ಕೇಪ್‌ನಲ್ಲಿ ಯುನಿಕೋಡ್ ಒತ್ತಕ್ಷರ ಸುಮ್ನೆ ಸರಿಯಾಗಿ ಬರುತ್ತೆ, ಅದೂ ಉಚಿತ. ಗಿರಾಕಿ ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿ ಕಳಿಸಿದರೆ ಮೊದಲು ಅಕ್ಷರವನ್ನು ಕರ್ವ್‌ಗೆ (ಫಾಂಟ್ ಬೇಡದ ಬರೀ ಆಕಾರಕ್ಕೆ) ಬದಲಿಸಿ, ಆಮೇಲೆ ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ ರಿಪ್‌ಗೆ ಕೊಡುತ್ತೇನೆ. ಮಿರರ್ ಮಾಡುವ ಆಯ್ಕೆ ರಿಪ್‌ನಲ್ಲೂ ಇರುತ್ತೆ, ಡಿಸೈನ್ ಸಾಫ್ಟ್‌ವೇರ್‌ನ ಪ್ರಿಂಟ್ ಸೆಟಪ್‌ನಲ್ಲೂ ಇರುತ್ತೆ. ಒಂದೇ ಕಡೆ ಇಡಿ. ಎರಡೂ ಕಡೆ ಆನ್ ಆಗಿದ್ದರೆ ಅಂಗಿ ಮೇಲೆ ಅಕ್ಷರ ಉಲ್ಟಾ.

ದುಡ್ಡಿನ ಮಾತು. ಟೋನರ್ ಡಬ್ಬದ ಮೇಲೆ ಬರೆದಿರುವ ಪುಟಗಳ ಸಂಖ್ಯೆ ಸಾಮಾನ್ಯವಾಗಿ 5% ತುಂಬಿದ ಪುಟದ ಲೆಕ್ಕ. ಟೀ-ಶರ್ಟ್ ಡಿಸೈನಿನಲ್ಲಿ ಬಿಳಿ 40% ಜಾಗ ಹಿಡಿದರೆ ಎಂಟು ಪಟ್ಟು ಬೇಗ ಖಾಲಿ. ನಾನು ಮೊದಲ ವರ್ಷ ಅಂದಾಜಿನ ಮೇಲೆ ರೇಟ್ ಹೇಳುತ್ತಿದ್ದೆ. ಪ್ರಿಂಟ್ ಕೊಡುವ ಮೊದಲೇ ಯಾವ ಬಣ್ಣ ಎಷ್ಟು ಹೋಗುತ್ತೆ, ಒಂದು ಹಾಳೆಗೆ ಎಷ್ಟು ಬೀಳುತ್ತೆ ಅಂತ ತೋರಿಸುವ ರಿಪ್ ಸಿಕ್ಕ ಮೇಲೆ ಗಿರಾಕಿ ಎದುರಿಗೇ ಸ್ಕ್ರೀನ್ ತಿರುಗಿಸಿ ತೋರಿಸುತ್ತೇನೆ. ಚೌಕಾಶಿ ಕಡಿಮೆಯಾಗಿದೆ.

ಲೈಸೆನ್ಸ್ ವಿಷಯದಲ್ಲಿ ಎರಡು ದಾರಿ: ತಿಂಗಳು ತಿಂಗಳು ಕಟ್ಟುವುದು, ಒಂದೇ ಸಲ ಕೊಂಡುಬಿಡುವುದು. ನಮ್ಮಲ್ಲಿ ಕೆಲಸ ಸೀಸನ್ ಮೇಲೆ ನಡೆಯುತ್ತೆ. ಆಗಸ್ಟ್ 15, ಗಣಪತಿ ಹಬ್ಬ, ರಾಜ್ಯೋತ್ಸವ, ಬೇಸಿಗೆಯ ಕ್ರಿಕೆಟ್ ಟೂರ್ನಿ. ಮಧ್ಯದ ತಿಂಗಳಲ್ಲಿ ಪ್ರಿಂಟರ್ ಸುಮ್ನೆ ಕೂತಿದ್ದರೂ ಬಾಡಿಗೆ ಕಟ್ಟುವುದು ನನಗೆ ಸರಿ ಕಾಣಲಿಲ್ಲ. ಒಂದೇ ಸಲ ಕೊಂಡೆ. ಕೊಳ್ಳುವ ಮೊದಲು ಕೇಳಿ ಬರೆಸಿಕೊಂಡಿದ್ದು ಮೂರು: ಕಂಪ್ಯೂಟರ್ ಕೆಟ್ಟರೆ ಲೈಸೆನ್ಸ್ ಹೊಸದಕ್ಕೆ ಹೋಗುತ್ತಾ, ಯುಎಸ್‌ಬಿ ಡಾಂಗಲ್ (ಸಾಫ್ಟ್‌ವೇರ್ ತೆರೆಯಲು ಕಂಪ್ಯೂಟರ್‌ಗೆ ಚುಚ್ಚುವ ಕೀ) ಕಳೆದರೆ ಏನು ಗತಿ, ಪ್ರಿಂಟರ್ ಬದಲಿಸಿದರೆ ಮತ್ತೆ ಪೂರ್ತಿ ದುಡ್ಡು ಕೊಡಬೇಕಾ. ಮಾತಿನಲ್ಲಿ ಹೇಳಿದ್ದನ್ನು ಇಮೇಲ್‌ನಲ್ಲಿ ಹಾಕಿಸಿಕೊಳ್ಳಿ.

ಬಿಳಿ ಟೀ-ಶರ್ಟ್ ಮೇಲೆ ಹೊಡೆಯುವ ಕೆಲಸಕ್ಕೆ ನಾನು ಇವತ್ತೂ ಹಳೇ ಡ್ರೈವರನ್ನೇ ಬಳಸುತ್ತೇನೆ. ಅಲ್ಲಿ ಬಿಳಿ ಬೇಕಿಲ್ಲ, ರಿಪ್ ತೆರೆಯುವ ಸಮಯವೂ ಉಳಿಯುತ್ತೆ.

ಕಳೆದ ಅಕ್ಟೋಬರ್‌ನಲ್ಲಿ ಅದೇ ಬಳಗದ ಹುಡುಗರು ಮತ್ತೆ ಬಂದರು. ಈ ಸಲ ಊರಿನ ಹೆಸರು ಇನ್ನೂ ಸಣ್ಣದಾಗಿ, ತೋಳಿನ ಮೇಲೆ ಬೇಕು ಅಂದರು. ನಾನು ಒಂದು ಪೀಸ್ ಮಾತ್ರ ಮಾಡಿ ಕೊಟ್ಟು, "ಮನೇಲಿ ಐದು ಸಲ ಒಗೆದು ತಗೊಂಡು ಬಾ ತಮ್ಮಾ, ಆಮೇಲೆ ಉಳಿದದ್ದು ಹೊಡೀತೀನಿ" ಅಂದೆ. ವಾರ ಬಿಟ್ಟು ತಂದ. ಇಬ್ಬರೂ ಟ್ಯೂಬ್‌ಲೈಟ್ ಕೆಳಗೆ ತೋಳನ್ನು ಎಳೆದು ಹಿಡಿದು ಒತ್ತಕ್ಷರ ಒಂದೊಂದಾಗಿ ನೋಡಿದೆವು. ಎಲ್ಲಾ ಇದ್ದವು. ಉಳಿದ 45ನ್ನು ಅವತ್ತೇ ಸಂಜೆ ಶುರು ಮಾಡಿದೆ.