ಹೈಸ್ಕೂಲು ಇಂಗ್ಲಿಷ್ ಶಿಕ್ಷಕರಾಗಲು: ಪದವಿ, ಬಿ.ಎಡ್., ಟಿಇಟಿ

ಕರ್ನಾಟಕದಲ್ಲಿ ಹೈಸ್ಕೂಲು ಇಂಗ್ಲಿಷ್ ಶಿಕ್ಷಕರ ಹುದ್ದೆಗೆ ಮುಖ್ಯವಾಗಿ ಎರಡು ಬೇಕು: ಇಂಗ್ಲಿಷನ್ನು ವಿಷಯವಾಗಿ ಓದಿದ ಪದವಿ ಮತ್ತು ಇಂಗ್ಲಿಷ್ ಬೋಧನಾ ವಿಷಯವಾಗಿರುವ ಬಿ.ಎಡ್. ಹುದ್ದೆಯ ಅರ್ಜಿ ಬಿದ್ದುಹೋಗುವುದು ಸಾಮಾನ್ಯವಾಗಿ ಇಂಗ್ಲಿಷ್ ಬಾರದ್ದಕ್ಕಲ್ಲ, ಇವೆರಡೂ ಒಂದಕ್ಕೊಂದು ತಾಳೆಯಾಗದ್ದಕ್ಕೆ.

ಎಡವಟ್ಟು ಪದವಿಯಲ್ಲೇ ಶುರುವಾಗುತ್ತದೆ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಎಲ್ಲರೂ ಭಾಷಾ ಪತ್ರಿಕೆಯಾಗಿ ಇಂಗ್ಲಿಷ್ ಓದಿರುತ್ತಾರೆ. ಅದು ಲೆಕ್ಕಕ್ಕೆ ಬರುವುದಿಲ್ಲ. ಬೇಕಾದ್ದು ಆಪ್ಷನಲ್ ಇಂಗ್ಲಿಷ್ (ಐಚ್ಛಿಕ ವಿಷಯವಾಗಿ ಆರಿಸಿ ಓದುವ ಇಂಗ್ಲಿಷ್), ಅದೂ ಮೂರೂ ವರ್ಷ. ಕೇಂದ್ರೀಯ ವಿದ್ಯಾಲಯಗಳ ಟಿಜಿಟಿ (ತರಬೇತಿ ಪಡೆದ ಪದವೀಧರ ಶಿಕ್ಷಕ) ಹುದ್ದೆಗೂ ಇಂಗ್ಲಿಷನ್ನು ಮೂರೂ ವರ್ಷ ಓದಿರಬೇಕೆಂಬ ನಿಯಮವಿದೆ. ಆಮೇಲೆ ಎಂ.ಎ. ಇಂಗ್ಲಿಷ್ ಮಾಡಿಕೊಂಡರೆ ಆ ಕೊರತೆ ತಾನಾಗಿ ತುಂಬಿಹೋಗುತ್ತದೆ ಎಂದು ನಂಬಿ ಕೂರಬೇಡಿ. ಅಧಿಸೂಚನೆಯಲ್ಲಿ ವಿದ್ಯಾರ್ಹತೆಯ ಕಾಲಂ ಅನ್ನು ಅಕ್ಷರಕ್ಷರ ಓದಿ, ನಿಮ್ಮ ಅಂಕಪಟ್ಟಿಯಲ್ಲಿ ವಿಷಯದ ಹೆಸರು ಹೇಗೆ ಮುದ್ರಣವಾಗಿದೆ ನೋಡಿ.

ಬಿ.ಎಡ್. ಸೇರಲು ಪದವಿಯಲ್ಲಿ ಅಥವಾ ಸ್ನಾತಕೋತ್ತರ ಪದವಿಯಲ್ಲಿ ಶೇ. 50 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ಕ್ಕೆ ರಿಯಾಯಿತಿ ಉಂಟು. ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಮೆರಿಟ್ ಮೇಲೆ ಹಂಚುತ್ತದೆ. ಕಾಲೇಜು ಆರಿಸುವಾಗ ಕಟ್ಟಡ, ಶುಲ್ಕ ನೋಡುವ ಮೊದಲು ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿ) ಮಾನ್ಯತೆ ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ಮಾನ್ಯತೆ ಹೋದ ಕಾಲೇಜಿನ ಪದವಿ ನೇಮಕಾತಿಯಲ್ಲಿ ಕೆಲಸಕ್ಕೆ ಬಾರದು. ದೂರಶಿಕ್ಷಣದ ಬಿ.ಎಡ್. ಎಲ್ಲರಿಗೂ ತೆರೆದಿಲ್ಲ. ಅದು ಡಿ.ಎಡ್.ನಂಥ ಶಿಕ್ಷಕ ತರಬೇತಿ ಮುಗಿಸಿದವರಿಗೆ ಮಾತ್ರ. ಬರೀ ಪದವಿ ಇಟ್ಟುಕೊಂಡು ಮನೆಯಲ್ಲೇ ಕೂತು ಬಿ.ಎಡ್. ಮುಗಿಸಬಹುದು ಎನ್ನುವ ಏಜೆಂಟರ ಮಾತಿಗೆ ದುಡ್ಡು ಕೊಡಬೇಡಿ.

ಸೇರಿದ ಮೇಲೆ ಎರಡು ಬೋಧನಾ ವಿಷಯ ಆರಿಸಬೇಕು. ಒಂದು ಇಂಗ್ಲಿಷ್. ಇನ್ನೊಂದಕ್ಕೆ ಪದವಿಯಲ್ಲಿ ಓದಿದ ಇತಿಹಾಸವನ್ನೋ ಕನ್ನಡವನ್ನೋ ನೋಡಿಕೊಳ್ಳಿ. ಗುಮಾಸ್ತರು ಸೀಟು ಖಾಲಿಯಿದೆ ಎಂದು ಬೇರೆ ಜೋಡಿಗೆ ಹೆಸರು ಹಾಕಿದರೆ ಆ ವಾರವೇ ಲಿಖಿತವಾಗಿ ಬದಲಾಯಿಸಿಕೊಳ್ಳಿ. ಪರೀಕ್ಷಾ ಅರ್ಜಿ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ತಿದ್ದುಪಡಿ ಬಹಳ ಕಷ್ಟ.

2015ರಿಂದ ಬಿ.ಎಡ್. ಎರಡು ವರ್ಷದ್ದು. ಎನ್‌ಸಿಟಿಇ ನಿಯಮದಂತೆ ಇದರಲ್ಲಿ 20 ವಾರ ಶಾಲೆಯಲ್ಲಿ ಕಳೆಯಬೇಕು: ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಹಾಜರಾತಿ ತರಗತಿಗೆ ಶೇ. 80, ಶಾಲೆಯಲ್ಲಿನ ಈ ಇಂಟರ್ನ್‌ಶಿಪ್ಪಿಗೆ ಶೇ. 90. ಕೆಲಸ ಮಾಡುತ್ತಲೇ ಬಿ.ಎಡ್. ಮಾಡುವವರು ಸಿಕ್ಕಿಬೀಳುವುದು ಈ ಶೇ. 90ರಲ್ಲಿ.

ಶಾಲೆಗೆ ಹೋಗುವ ಮುಂಚೆ ಸೂಕ್ಷ್ಮ ಬೋಧನೆ ಇರುತ್ತದೆ. ಒಂದೇ ಕೌಶಲ, ಎದುರಿಗೆ ಕೆಲವೇ ಸಹಪಾಠಿಗಳು. 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, 12 ನಿಮಿಷ ತಿದ್ದುಪಡಿ, ಮತ್ತೆ 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ. ಒಟ್ಟು 36 ನಿಮಿಷದ ಚಕ್ರ. ಹೆಚ್ಚಿನ ಕಡೆ ಮೊದಲ ಪಾಠ ಮುಗಿಯುತ್ತಲೇ ಚಪ್ಪಾಳೆ ತಟ್ಟಿ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಬಿಡುತ್ತಾರೆ. ಆದರೆ ಕಲಿಕೆಯೆಲ್ಲ ಇರುವುದು ಆ ಎರಡನೇ ಪಾಠದಲ್ಲಿ. ಮೊಬೈಲಿನಲ್ಲಿ ಎರಡನ್ನೂ ಚಿತ್ರಿಸಿಕೊಂಡು ಪಕ್ಕಪಕ್ಕ ನೋಡಿದರೆ ವ್ಯತ್ಯಾಸ ಕಾಣುತ್ತದೆ.

ಇಂಟರ್ನ್‌ಶಿಪ್ಪಿನಲ್ಲಿ ಕನ್ನಡ ಮಾಧ್ಯಮದ ಎಂಟನೇ ತರಗತಿಗೆ ಗದ್ಯಪಾಠ ಮಾಡಬೇಕೆನ್ನಿ. 40 ನಿಮಿಷದ ಪೀರಿಯಡ್ಡು, ಹಾಜರಿ ಕಳೆದರೆ ಕೈಗೆ ಸಿಗುವುದು 36. ಮೊದಲ 4 ನಿಮಿಷ ಚಿತ್ರವೋ ಪ್ರಶ್ನೆಯೋ ಇಟ್ಟು ಮಕ್ಕಳನ್ನು ಮಾತಾಡಿಸಿ. ಕನ್ನಡದಲ್ಲಿ ಉತ್ತರಿಸಿದರೂ ಬೇಡವೆನ್ನದೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಬೋರ್ಡಿಗೆ ಹಾಕಿ. ಹೊಸ ಪದ ನಾಲ್ಕು ಅಥವಾ ಐದು, ಅದಕ್ಕಿಂತ ಹೆಚ್ಚು ಬೇಡ. ಹನ್ನೆರಡು ಪದದ ಪಟ್ಟಿ ಬರೆದರೆ ಮಕ್ಕಳು ಅರ್ಧ ಪೀರಿಯಡ್ಡು ನಕಲು ಮಾಡುವುದರಲ್ಲೇ ಕಳೆಯುತ್ತಾರೆ. ಆಮೇಲೆ ಒಂದು ಪ್ರಶ್ನೆ ಬೋರ್ಡಿನ ಮೇಲೆ ಬರೆದು, ನೀವು ಒಂದು ಪ್ಯಾರಾ ಜೋರಾಗಿ ಓದಿ; ನಂತರ ಅವರು ಮೌನವಾಗಿ ಓದಿ ಆ ಪ್ರಶ್ನೆಗೆ ಉತ್ತರ ಹುಡುಕಲಿ. ಪ್ರಶ್ನೆ ಕೊಡದೆ ‘ಓದಿ’ ಎಂದರೆ ಕಣ್ಣು ಸಾಲಿನ ಮೇಲೆ ಓಡುತ್ತದೆ, ತಲೆಗೆ ಏನೂ ಇಳಿಯುವುದಿಲ್ಲ. ಕೊನೆಯ 10 ನಿಮಿಷ ಜೋಡಿಯಾಗಿ ಮಾತು ಅಥವಾ ಬರವಣಿಗೆಗೆ ಬಿಡಿ. ಅಲ್ಲಿ ಇಂಗ್ಲಿಷ್ ಮಾತಾಡಬೇಕಾದವರು ಮಕ್ಕಳು, ನೀವಲ್ಲ.

ಹೊಸಬರು ಎಲ್ಲಕ್ಕಿಂತ ಹೆಚ್ಚು ಮಾಡುವ ತಪ್ಪು ‘ಅರ್ಥ ಆಯ್ತಾ?’ ಎಂದು ಕೇಳುವುದು. ‘ಆಯ್ತು ಸಾರ್’ ಎಂದು ಇಡೀ ಕ್ಲಾಸು ರಾಗ ಎಳೆಯುತ್ತದೆ, ಯಾರಿಗೆ ಏನು ಅರ್ಥವಾಯಿತೆಂದು ಮಾತ್ರ ಗೊತ್ತಾಗುವುದಿಲ್ಲ. ಬದಲಿಗೆ ಮೊದಲು ಪ್ರಶ್ನೆ ಕೇಳಿ, ಮೂರು ನಾಲ್ಕು ಸೆಕೆಂಡು ಸುಮ್ಮನಿದ್ದು, ಆಮೇಲೆ ಹೆಸರು ಕರೆಯಿರಿ. ಹೆಸರು ಮೊದಲೇ ಕರೆದರೆ ಉಳಿದವರು ಯೋಚಿಸುವುದನ್ನು ಬಿಟ್ಟುಬಿಡುತ್ತಾರೆ. ಹಾಗೆಯೇ ಪ್ರತಿ ಸಾಲಿಗೂ ಕನ್ನಡ ಅನುವಾದ ಹೇಳುತ್ತಾ ಹೋದರೆ ಮಕ್ಕಳು ಇಂಗ್ಲಿಷ್ ಸಾಲು ಕೇಳಿಸಿಕೊಳ್ಳದೆ ಕನ್ನಡದ್ದಕ್ಕೆ ಕಾಯುತ್ತಾರೆ. ಕ್ಲಾಸಿನಲ್ಲಿ ಕನ್ನಡವೇ ಕೂಡದು ಎಂಬ ಹಟವೂ ಬೇಡ. ಒಂದು ಅಮೂರ್ತ ಪದಕ್ಕೆ ಐದು ನಿಮಿಷ ಸರ್ಕಸ್ ಮಾಡುವ ಬದಲು ಕನ್ನಡದಲ್ಲಿ ಒಂದು ಮಾತು ಹೇಳಿ ಮುಂದೆ ಹೋಗಿ.

ನಿಮ್ಮ ಮಾತನ್ನೂ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ‘ಎಗ್’ ಅನ್ನು ‘ಯೆಗ್’, ‘ಓನ್ಲಿ’ಯನ್ನು ‘ವೋನ್ಲಿ’ ಎನ್ನುವುದು, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎನ್ನುವುದು ನಮ್ಮಲ್ಲಿ ಸಾಮಾನ್ಯ. ಶಿಕ್ಷಕರ ಬಾಯಲ್ಲಿ ಬಂದದ್ದು ಕ್ಲಾಸಿನ ಬಾಯಿಗೆ ಹೋಗುತ್ತದೆ. ದಿನಕ್ಕೆ ಹತ್ತು ನಿಮಿಷ ಪಾಠದ ಒಂದು ಪ್ಯಾರಾ ಜೋರಾಗಿ ಓದಿದರೂ ಸಾಕು.

ಕಳೆದ ಬ್ಯಾಚಿನವರ ಪಾಠಯೋಜನೆ ನಕಲು ಮಾಡಿ ರೆಕಾರ್ಡ್ ತುಂಬಿಸುವ ಚಾಳಿ ಎಲ್ಲ ಕಡೆ ಇದೆ. ಮೌಖಿಕ ಪರೀಕ್ಷೆಯಲ್ಲಿ ‘ಈ ಚಟುವಟಿಕೆಗೆ ಮಕ್ಕಳು ಏನೆಂದರು?’ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಪ್ರತಿ ಯೋಜನೆಯ ಕೆಳಗೆ ಪಾಠ ಎಲ್ಲಿ ಎಳೆಯಿತು, ಯಾವ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂದು ಎರಡು ಸಾಲು ಅಂದೇ ಬರೆದಿಡಿ. ಕ್ರಿಯಾ ಸಂಶೋಧನೆಗೆ (ತರಗತಿಯ ಸಮಸ್ಯೆಯೊಂದರ ಮೇಲೆ ಶಿಕ್ಷಕರೇ ಮಾಡುವ ಸಣ್ಣ ಅಧ್ಯಯನ) ವಿಷಯವೂ ಅಲ್ಲಿಂದಲೇ ಸಿಗುತ್ತದೆ.

ಇನ್ನು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಕರ್ನಾಟಕದಲ್ಲಿ ಅದರ ಎರಡನೇ ಪತ್ರಿಕೆ 6ರಿಂದ 8ನೇ ತರಗತಿಯ ಪದವೀಧರ ಪ್ರಾಥಮಿಕ ಶಿಕ್ಷಕ ಹುದ್ದೆಗೆ ಕಡ್ಡಾಯ. ಹೈಸ್ಕೂಲೇ ಗುರಿಯಾದರೂ ಬರೆದಿಡಿ, ಎರಡು ಬಾಗಿಲು ತೆರೆದಿರುತ್ತವೆ. ಉತ್ತೀರ್ಣ ಪ್ರಮಾಣಪತ್ರಕ್ಕೆ 2021ರಿಂದ ಜೀವನಪರ್ಯಂತ ಮಾನ್ಯತೆಯೂ ಇದೆ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಎರಡು ಭಾಷೆಗಳಿಗೆ ತಲಾ 30, ಮಕ್ಕಳ ವಿಕಸನ ಮತ್ತು ಬೋಧನಾಶಾಸ್ತ್ರಕ್ಕೆ 30, ಉಳಿದ 60 ಗಣಿತ-ವಿಜ್ಞಾನಕ್ಕೆ ಅಥವಾ ಸಮಾಜ ವಿಜ್ಞಾನಕ್ಕೆ. ಸಾಮಾನ್ಯ ವರ್ಗಕ್ಕೆ 90 ಬೇಕು. ಇಂಗ್ಲಿಷಿನವರು ಭಾಷೆಯಲ್ಲಿ ಗೆದ್ದು, ಓದದೆ ಬಿಟ್ಟ ಸಮಾಜ ವಿಜ್ಞಾನದ 60ರಲ್ಲಿ ಮುಗ್ಗರಿಸುತ್ತಾರೆ. 6ರಿಂದ 10ನೇ ತರಗತಿಯ ರಾಜ್ಯ ಪಠ್ಯಪುಸ್ತಕ ಹಿಡಿದು ಓದಿ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಒಂದು ವೃತ್ತವನ್ನೂ ಖಾಲಿ ಬಿಡಬೇಡಿ. ಕೇಂದ್ರೀಯ ವಿದ್ಯಾಲಯದ ಆಸೆಯಿದ್ದರೆ ಕೇಂದ್ರದ ಟಿಇಟಿಯಾದ ಸಿಟಿಇಟಿ ಬೇರೆಯಾಗಿ ಬರೆಯಬೇಕು.

ಅಧಿಸೂಚನೆ ಬರುವ ಮುಂಚೆಯೇ ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮ, ಅನ್ವಯಿಸಿದರೆ 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರ ಮಾಡಿಸಿಡಿ. ಮೊದಲೆರಡಕ್ಕೆ ನೀವು ಓದಿದ ಶಾಲೆಯ ಮುಖ್ಯಶಿಕ್ಷಕರ ಸಹಿಯ ಜತೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಬೇಕು. ಕೊನೆ ದಿನಾಂಕದ ನಂತರ ಪಡೆದ ಪತ್ರವನ್ನು ದಾಖಲೆ ಪರಿಶೀಲನೆಯಲ್ಲಿ ಬದಿಗಿಟ್ಟರೆ ಆ ಮೀಸಲಾತಿ ಕೈತಪ್ಪುತ್ತದೆ.